ತೂಕದ ಚೀಟಿ

ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸಿನಿಂದ ಫ್ಲಾಗ್‌ಸ್ಟಾಫಿಗೆ ಮೊದಲ ಬಾರಿ, ಮನೆಯನ್ನೇ ಹೊತ್ತ ಗಾಡಿಯಾದ ಮೋಟರ್‌ಹೋಮ್‌ನ ಹಿಂದೆ ಜೀಪ್ ರ‍್ಯಾಂಗ್ಲರ್ ಕಟ್ಟಿಕೊಂಡು ಹೊರಡುವ ಹಿಂದಿನ ದಿನ, ಹೆದ್ದಾರಿ ಬದಿಯ ಟ್ರಕ್ ನಿಲ್ದಾಣದಲ್ಲಿ ನಾನೂ ನನ್ನ ಪತ್ನಿಯೂ ಎರಡನ್ನೂ ತೂಗಿಸಿದೆವು. ನಮ್ಮ ಮೋಟರ್‌ಹೋಮ್ ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ್ದು. ಕಾರೂ ಸೇರಿ ಒಟ್ಟು ಮಿತಿ 22,000 ಪೌಂಡ್, ಗಾಡಿಯ ಸ್ವಂತ ಮಿತಿ 14,500 ಪೌಂಡ್, ಅಂದರೆ ಸುಮಾರು 6,577 ಕಿಲೋ. ಒಂದರಲ್ಲಿ ಇನ್ನೊಂದನ್ನು ಕಳೆದು, 7,500 ಪೌಂಡ್ ಧಾರಾಳವಾಗಿ ಎಳೆಯಬಹುದು ಎಂದು ಮಾರಿದವರು ಹೇಳಿದ್ದರು. ಆದರೆ ಗಾಡಿಯ ಹಿಂದಿನ ಎಳೆಯುವ ಕೊಂಡಿಯಾದ ಹಿಚ್‌ಗೆ ಅಂಟಿಸಿದ್ದ ಚೀಟಿಯಲ್ಲಿ 5,000 ಎಂದಷ್ಟೇ ಇತ್ತು. ಹಿಚ್, ಅದಕ್ಕೆ ಕಾರನ್ನು ಜೋಡಿಸುವ ಟೋ ಬಾರ್, ಕಾರಿನ ಮುಂಭಾಗಕ್ಕೆ ಜೋಡಿಸಿದ ಪಟ್ಟಿ, ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ತಾಳುತ್ತದೆಯೋ ಅದಕ್ಕೇ ನಾವು ಬದ್ಧರು.

ಜೀಪು 4,260 ಪೌಂಡ್ ತೂಗಿತು, ಒಟ್ಟು 19,040. ಎರಡೂ ಮಿತಿಯೊಳಗೇ ಇದ್ದವು. ನಿರಾಳವಾಗಿ ತೂಕದ ಚೀಟಿ ಮಡಚಿಡುವ ಹೊತ್ತಿಗೆ ಪತ್ನಿ ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. ಮೋಟರ್‌ಹೋಮ್‌ನ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) 4,800, ಹಿಂದಿನದು 9,980, ಎರಡೂ ಸೇರಿ 14,780. ಬಾಗಿಲ ಬಳಿಯ ಫಲಕದಲ್ಲಿ ಹಿಂದಿನ ಆಕ್ಸಲ್ಲಿಗೆ 9,600 ಮಾತ್ರ ಇತ್ತು. ಕಾರಿನ ಭಾರದ ಬಗ್ಗೆಯೇ ತಿಂಗಳುಗಟ್ಟಲೆ ಯೋಚಿಸಿದ್ದ ನಾವು, ಮನೆಯೇ ತನ್ನ 14,500ರ ಮಿತಿಗಿಂತ 280 ಪೌಂಡ್ ಹೆಚ್ಚು ಭಾರವಾಗಿರುವುದನ್ನು ಗಮನಿಸಿರಲೇ ಇಲ್ಲ.

ಮನೆಗೆ ಮರಳಿ, ಹಿಂಬದಿಯ ಮಂಚದ ಕೆಳಗಿದ್ದ ತೊಟ್ಟಿಯ 40 ಗ್ಯಾಲನ್ ನೀರನ್ನು ನಿಂಬೆಗಿಡದ ಬುಡಕ್ಕೆ ಹರಿಸಿದೆವು. ಒಂದು ಗ್ಯಾಲನ್ ನೀರು 8.3 ಪೌಂಡಿಗೂ ತುಸು ಹೆಚ್ಚು ತೂಗುವುದರಿಂದ ಅಲ್ಲಿಗೇ 330 ಪೌಂಡ್ ಇಳಿಯಿತು. ಹಿಂಬದಿಯ ಖಾನೆಯಲ್ಲಿದ್ದ ಉಪಕರಣದ ಪೆಟ್ಟಿಗೆ, ಮಡಚುವ ಕುರ್ಚಿಗಳು ಮತ್ತು ಅಕ್ಕಿಯ ಚೀಲ ಜೀಪಿಗೆ ಹೋದವು. ಮತ್ತೆ ತೂಗಿಸಿದಾಗ ಸಿಕ್ಕ ಎರಡನೆಯ ಚೀಟಿಯಲ್ಲಿ ಹಿಂದಿನ ಆಕ್ಸಲ್ 9,440ಕ್ಕೆ ಇಳಿದು, ಮುಂದಿನದು 4,830ಕ್ಕೆ ಏರಿತ್ತು. ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಜೋತಿದ್ದ ಭಾರ ತೆಗೆದಾಗ ಮುಂದಿನ ಚಕ್ರಗಳ ಮೇಲೆ ಭಾರ ಹೆಚ್ಚುವುದು ಸಹಜವೇ. ಜೀಪು 4,440 ಆಗಿತ್ತು.

ಮರುದಿನ ಬೆಳಿಗ್ಗೆ ಟೋ ಬಾರಿನ ಎರಡು ತೋಳುಗಳೂ ಟಕ್ಕೆಂದು ಕಚ್ಚಿಕೊಳ್ಳುವವರೆಗೆ ಮುಂದೆ ಎಳೆದೆ. ಸುರಕ್ಷಾ ಸರಪಳಿಗಳನ್ನು ಅಡಿಯಲ್ಲಿ ಅಡ್ಡಡ್ಡ ಹಾಯಿಸಿ, ಜೀಪಿನಲ್ಲಿ ಮುಂದಿನ, ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೂ ಗೇರನ್ನು ಪಾರ್ಕ್‌ಗೂ ಹಾಕಿದೆ. ಕಾರು ಕಳಚಿಕೊಂಡರೆ ಅದರ ಬ್ರೇಕನ್ನು ತಾನೇ ಹಿಡಿಸುವ ಸ್ವಿಚ್ಚಿನ ಪಿನ್ನನ್ನು ಒಮ್ಮೆ ಎಳೆದೆ. ಜೀಪಿನ ಬ್ರೇಕ್ ಪೆಡಲ್ ಗಟ್ಟಿಯಾಗಿ ಕೆಳಗೆ ಕೂತಿತು. ಇದನ್ನು ನಾನು ಎಂದೂ ಬಿಡುವುದಿಲ್ಲ, ಏಕೆಂದರೆ ಮೋಟರ್‌ಹೋಮ್‌ನ ಬ್ರೇಕುಗಳನ್ನು ಅದರ ಸ್ವಂತ ತೂಕಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆಯೇ ಹೊರತು, ಹಿಂದೆ ಬರುವ ಎರಡು ಟನ್ನಿಗಲ್ಲ.

ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲಿನ ಏರಿನಲ್ಲಿ ಗೇರು ಇಳಿಸಿ, ಲಾರಿಗಳ ಸಾಲಿನಲ್ಲೇ ನಿಧಾನವಾಗಿ ಹತ್ತಿದೆವು. ಸಂಜೆ ಸುಮಾರು 7,000 ಅಡಿ ಎತ್ತರದ ಫ್ಲಾಗ್‌ಸ್ಟಾಫ್ ತಲುಪಿ, ಬಿಡಾರದ ನಲ್ಲಿಯಿಂದಲೇ ತೊಟ್ಟಿಗೆ ನೀರು ತುಂಬಿಸಿಕೊಂಡೆವು.