ಬೆಳಗ್ಗೆ 0.3, ಸಂಜೆ 1.3: ಫ್ಲೋರೈಡ್ ಪ್ರಾಜೆಕ್ಟಿನ ಮೂರು ವಾರ

ಮೂರು ವಾರದಿಂದ ನಿದ್ದೆ ಕೆಡಿಸಿದ್ದ ತೊಡಕು ಮೊನ್ನೆ ಶುಕ್ರವಾರ ಸಂಜೆ ಬಿಡಿಸಿಕೊಂಡಿತು. ಹಾಗಾಗಿ ಈ ಸಲ ಬರೆಯುವುದೆಲ್ಲ ಅದರ ಬಗ್ಗೆಯೇ.

ಹೊಸಬರಿಗೆ ಎರಡೇ ಮಾತು: ನಾನು, ನನ್ನ ಗೆಳತಿ ಬಿಎಸ್ಸಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಪಾವಗಡ ತಾಲೂಕಿನ ಒಂದು ಊರಿನ ಬೋರ್‌ವೆಲ್ ನೀರು ಹಿಡಿದುಕೊಂಡಿದ್ದೇವೆ. ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಅದರಲ್ಲಿ ಲೀಟರಿಗೆ 3.4 ಮಿ.ಗ್ರಾಂ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ 1.0 ಇರಬೇಕು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಒಪ್ಪಿಕೊಳ್ಳಬಹುದು. ಇದನ್ನು ನಲ್ಗೊಂಡ ವಿಧಾನದಲ್ಲಿ, ಅಂದರೆ ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) 1970ರ ದಶಕದಲ್ಲಿ ರೂಪಿಸಿದ ಸುಣ್ಣ ಮತ್ತು ಆಲಂ (ಪಟಿಕ, ಅಲ್ಯುಮಿನಿಯಂನ ಲವಣ) ವಿಧಾನದಲ್ಲಿ, ಮನೆಯ ಬಕೆಟ್‌ನಲ್ಲೇ ಎಷ್ಟು ಇಳಿಸಬಹುದು ಎಂಬುದು ನಮ್ಮ ಪ್ರಶ್ನೆ. ಸ್ಯಾಂಪಲ್ ತಂದದ್ದು, ನೀರಿನ ಕ್ಷಾರೀಯತೆ ಅಳೆದದ್ದು, ಫ್ಲೋರೈಡ್ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ದ್ರಾವಣಗಳಿಂದ (ಇವೇ ಸ್ಟ್ಯಾಂಡರ್ಡ್‌ಗಳು) ಹೋಲಿಕೆಯ ಗ್ರಾಫ್ ಎಳೆದದ್ದು ಎಲ್ಲ ಮೊದಲೇ ಮುಗಿದಿತ್ತು.

ಆಲಂ ಹಾಕಿ, ಕಲಕಿ, ತಿಳಿಯಾಗಲು ಬಿಟ್ಟು, ಮೇಲಿನ ನೀರು ಸೋಸಿ, ಸ್ಪಾಡ್ನ್ಸ್ ರೀಏಜೆಂಟ್ (ಜಿರ್ಕೋನಿಯಂ ಬೆರೆಸಿದ ಕೆಂಪು ಬಣ್ಣ, ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಇಳಿಯುತ್ತದೆ) ಸೇರಿಸಿ, ಬಣ್ಣದ ಗಾಢತೆ ಅಳೆಯುವ ಯಂತ್ರದಲ್ಲಿ 570 ನ್ಯಾನೋಮೀಟರ್ ಬೆಳಕಿನಲ್ಲಿ ಓದಿದೆವು. 0.3! ನೂರಕ್ಕೆ ತೊಂಬತ್ತು ಭಾಗ ಫ್ಲೋರೈಡ್ ಮಾಯ. ಲ್ಯಾಬಿನಲ್ಲಿ ಕುಣಿದಾಡುವುದೊಂದು ಬಾಕಿ. ಅಷ್ಟರಲ್ಲಿ ಕರೆಂಟ್ ಹೋಯಿತು. ಎರಡು ಗಂಟೆ ಬಿಟ್ಟು ಬಂದಾಗ, ಟ್ಯೂಬ್‌ಗಳನ್ನು ತೊಳೆಯುವ ಮುಂಚೆ ಸುಮ್ಮನೆ ಇನ್ನೊಮ್ಮೆ ಇಟ್ಟು ನೋಡಿದರೆ 1.1. ಸಂಜೆ ಬಾಗಿಲು ಹಾಕುವ ಹೊತ್ತಿಗೆ 1.3. ಅದೇ ಟ್ಯೂಬ್, ಅದೇ ನೀರು.

ಮೊದಲು ಅನುಮಾನ ಬಂದದ್ದು ರೀಏಜೆಂಟ್ ಮೇಲೆ. ಜಿರ್ಕೋನಿಯಂ ಆಕ್ಸಿಕ್ಲೋರೈಡ್ ಡಬ್ಬಿ ನಮ್ಮ ಕೈಗೆ ಬಂದಾಗಲೇ ಹೆಪ್ಪುಗಟ್ಟಿ ಬೆಲ್ಲದ ಅಚ್ಚಿನಂತಿತ್ತು. ಸ್ಪಾಡ್ನ್ಸ್ ಬಣ್ಣಕ್ಕಂತೂ ಆರು ವಾರ ಕಾದಿದ್ದೆವು. ಅಂಗಡಿಗೆ ಫೋನ್ ಮಾಡಿದಾಗಲೆಲ್ಲ "ನಾಳೆ ಬರುತ್ತೆ ಮೇಡಂ" ಎಂಬ ಒಂದೇ ಉತ್ತರ. ವಿದ್ಯಾರ್ಥಿಗಳು ಐದು ಗ್ರಾಂ ತೆಗೆದುಕೊಂಡರೂ ಗಿರಾಕಿಗಳೇ ಅಲ್ಲವೇ? ನಮಗೂ ಸೆಮಿಸ್ಟರ್ ಮುಗಿಯುವ ತಾರೀಕು ಇರುತ್ತದೆ. ಆದರೆ ಹೊಸ ರೀಏಜೆಂಟ್ ಮಾಡಿದರೂ ಅದೇ ಕಥೆ. ಬಿಸಿಲಿನ ಕಾವಿಗೆ ಹೀಗಾಗುತ್ತಿರಬಹುದು ಎಂದುಕೊಂಡು ಸ್ಟ್ಯಾಂಡರ್ಡ್, ಸ್ಯಾಂಪಲ್ ಎರಡನ್ನೂ ಒಂದೇ ನೀರಿನ ಟಬ್ಬಿನಲ್ಲಿಟ್ಟೆವು. ಆಗಲೂ ಸ್ಟ್ಯಾಂಡರ್ಡ್‌ಗಳು ಜಪ್ಪಯ್ಯ ಎಂದರೂ ಅಲುಗಲಿಲ್ಲ, ಆಲಂ ಹಾಕಿದ ನೀರು ಮಾತ್ರ ಏರುತ್ತಲೇ ಹೋಯಿತು.

ಕಣ್ಣಿಗೇ ಕಾಣುತ್ತಿತ್ತು. ಬೆಳಗ್ಗೆ ಕುಂಕುಮ ಕದಡಿದ ನೀರಿನಂತೆ ಕೆಂಪಗಿದ್ದ ಟ್ಯೂಬ್ ಸಂಜೆಗೆ ಪಕ್ಕದ ಸ್ಟ್ಯಾಂಡರ್ಡ್‌ಗಿಂತ ತಿಳಿಯಾಗಿತ್ತು. ಈ ಪರೀಕ್ಷೆ ನಿಂತಿರುವುದೇ ಅದರ ಮೇಲೆ: ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಬಣ್ಣದಿಂದ ಕಿತ್ತುಕೊಳ್ಳುತ್ತದೆ, ಕೆಂಪು ಇಳಿಯುತ್ತದೆ. ಹಾಗಾದರೆ ಬೆಳಗ್ಗೆ ಫ್ಲೋರೈಡ್ ಎಲ್ಲಿತ್ತು? ನೀರಿನಲ್ಲೇ ಇತ್ತು. ಆಲಂನಿಂದ ಉಳಿದ ಅಲ್ಯುಮಿನಿಯಂ ಅದನ್ನು ತಬ್ಬಿ ಹಿಡಿದಿತ್ತು. ರೀಏಜೆಂಟಿನ ಆಮ್ಲದಲ್ಲಿ ಆ ಹಿಡಿತ ನಿಧಾನಕ್ಕೆ ಸಡಿಲಗೊಂಡಂತೆ ಫ್ಲೋರೈಡ್ ಹೊರಗೆ ಬರುತ್ತಿತ್ತು.

ಊಹೆ ಸಾಲದು ಎಂದು ನಾಲ್ಕು ಟ್ಯೂಬ್ ಇಟ್ಟೆವು. ನಾಲ್ಕರಲ್ಲೂ ಫ್ಲೋರೈಡ್ ಸರಿಯಾಗಿ 1.0. ಅಲ್ಯುಮಿನಿಯಂ ಮಾತ್ರ ಸೊನ್ನೆ, 0.5, 1, 2. ಸೊನ್ನೆಯ ಟ್ಯೂಬ್ ಇಡೀ ದಿನ ಕದಲಲಿಲ್ಲ. 2 ಇದ್ದದ್ದು ಅರ್ಧಕ್ಕಿಂತ ಕೆಳಗೆ ಶುರುವಾಗಿ, ನಾಲ್ಕು ಗಂಟೆಯ ಹೊತ್ತಿಗೆ ಉಳಿದವುಗಳ ಸಾಲಿಗೆ ಬಂದು ನಿಂತಿತು. ಗೆಳತಿ ನನ್ನ ತೋಳು ಚಿವುಟಿದ ಗುರುತು ಇನ್ನೂ ಇದೆ. ಆಮೇಲೆ ಕೈಪಿಡಿ ತೆಗೆದು ನೋಡಿದರೆ, ಅಡ್ಡಿಪಡಿಸುವ ವಸ್ತುಗಳ ಕೋಷ್ಟಕದ ಕೆಳಗೆ ಚಿಕ್ಕ ಅಕ್ಷರದಲ್ಲಿ ಇದೇ ಇದೆ. ತಕ್ಷಣ ಓದಿದರೆ 0.1 ಮಿ.ಗ್ರಾಂ ಅಲ್ಯುಮಿನಿಯಂ ಕೂಡ ಲೆಕ್ಕ ಕೆಡಿಸುತ್ತದೆ. ಎರಡು ಗಂಟೆ ಕಾದರೆ 3, ನಾಲ್ಕು ಗಂಟೆ ಕಾದರೆ 30 ಮಿ.ಗ್ರಾಂ ತನಕ ತಡೆದುಕೊಳ್ಳುತ್ತದೆ. ನೀವು ಆಲಂ ಅಥವಾ ಪಟಿಕದ ಮೇಲೆ ಕೆಲಸ ಮಾಡುತ್ತಿದ್ದರೆ ದಯವಿಟ್ಟು ಓದಿದ ಗಂಟೆಯನ್ನೂ ಬರೆದಿಡಿ. ಇನ್ನೊಂದು: ಆಲಂ ಜೊತೆ ಸಲ್ಫೇಟ್ ಕೂಡ ಬರುತ್ತದೆ, ಅದು ಅಂಕಿಯನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತದೆ. ಈಗ ನಮ್ಮ ಸ್ಟ್ಯಾಂಡರ್ಡ್‌ಗಳಿಗೂ ಅಷ್ಟೇ ಸಲ್ಫೇಟ್ ಹಾಕುತ್ತಿದ್ದೇವೆ.

ಇಷ್ಟು ಒದ್ದಾಡಿದ್ದಕ್ಕೆ ಕಾರಣ ಮಾರ್ಕ್ಸ್ ಅಲ್ಲ. ಸ್ಯಾಂಪಲ್ ಕೊಟ್ಟ ಮನೆಯ ಅಜ್ಜಿ, ಮೊಮ್ಮಗನ ಹಲ್ಲಿನ ಕಂದು ಗೆರೆ ತೋರಿಸಿ, "ನಿಮ್ಮ ಔಸ್ತಿ ಹಾಕಿದ್ಮೇಲೆ ಈ ನೀರು ಕುಡೀಬೋದೇನವ್ವಾ?" ಎಂದು ಕೇಳಿದ್ದರು. ಅಲ್ಲಿವರೆಗೆ ಅವರು ನೀರು ಕಾಯಿಸಿ ಆರಿಸಿ ಕೊಡುತ್ತಿದ್ದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಹೆಚ್ಚುತ್ತದೆ. ಆ 0.3 ನಂಬಿಕೊಂಡು ನಾವು "ಕುಡೀರಿ ಅಜ್ಜಿ" ಎಂದು ಹೇಳಿಬಿಡುವುದರಲ್ಲಿದ್ದೆವು. 1.3 ಎಂಬುದು ಬೇರೆ ಮಾತು. ಮೇಲಾಗಿ ಅಲ್ಯುಮಿನಿಯಂಗೂ ಮಿತಿ ಇದೆ, ಹೆಚ್ಚೆಂದರೆ 0.2.

ಇದೇ ಗುಂಗಿನಲ್ಲಿ ಕ್ಯಾಂಟೀನಿನಲ್ಲಿ ಕೂತಾಗ ಮುಂದಿನ ಪ್ರಾಜೆಕ್ಟ್ ಹೊಳೆಯಿತು: ಟೀ! ಟೀ ಗಿಡ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುತ್ತದೆ, ಅಲ್ಯುಮಿನಿಯಂ ಅನ್ನೂ ಕೂಡಿಡುತ್ತದೆ. ಎರಡೂ ಒಂದೇ ಲೋಟದಲ್ಲಿ, ಜೊತೆಗೆ ಡಿಕಾಕ್ಷನ್ನಿನ ಬಣ್ಣ ಬೇರೆ. ಸ್ಪಾಡ್ನ್ಸ್‌ನಿಂದ ಆಗದು, ಫ್ಲೋರೈಡ್ ಎಲೆಕ್ಟ್ರೋಡ್ ಬೇಕು. ಹೆಚ್ಚು ಫ್ಲೋರೈಡ್ ಇರುವ ನೀರಿನಲ್ಲೇ ದಿನಕ್ಕೆ ನಾಲ್ಕು ಸಲ ಟೀ ಕಾಸುವ ಮನೆಯಲ್ಲಿ ಒಟ್ಟು ಎಷ್ಟು ಹೊಟ್ಟೆಗೆ ಹೋಗುತ್ತದೆ? ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ ಇದನ್ನು ಕೇಳಿ, "ಮೊದಲು ಇದನ್ನು ಮುಗಿಸಿ" ಎಂದರು. ಆದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಾಗಿದೆ.

ಶನಿವಾರ ಮತ್ತೆ ಪಾವಗಡದ ಬಸ್ಸು. ಈ ಸಲ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಬೆರೆಸಿ ಪಿಎಚ್ 6.5ರಿಂದ 7ರ ಒಳಗೆ ನಿಲ್ಲಿಸುತ್ತೇವೆ. ಅದಕ್ಕಿಂತ ಇಳಿದರೂ ಏರಿದರೂ ಅಲ್ಯುಮಿನಿಯಂ ಮತ್ತೆ ಕರಗುತ್ತದೆ. ಉಳಿದ ಅಲ್ಯುಮಿನಿಯಂ ಅಳೆಯಲು ಎರಿಯೋಕ್ರೋಮ್ ಸಯನಿನ್ ಆರ್ ಎಂಬ ಬಣ್ಣವನ್ನು ಆರ್ಡರ್ ಮಾಡಿದ್ದೇವೆ, ಬೇರೆ ಅಂಗಡಿಯಲ್ಲಿ. ಆ ಪರೀಕ್ಷೆಗೆ ಅಡ್ಡ ಬರುವುದು ಯಾವುದು ಗೊತ್ತೇ? ಫ್ಲೋರೈಡ್.