ಬುರುಡೆಯ ತುಂಡು ಹೊಟ್ಟೆಯಲ್ಲಿ

12 ನವೆಂಬರ್ 2024, ಮಂಗಳವಾರ
ದಾವಣಗೆರೆ

ಮಾವನನ್ನು ನೋಡಲು ಬಂದವರದ್ದೆಲ್ಲ ಇವತ್ತೂ ಒಂದೇ ಪ್ರಶ್ನೆ: "ಆಪರೇಷನ್ ಆಯ್ತಲ್ಲ, ಇನ್ನೂ ಯಾಕೆ ಮಾತು ತೊದಲುತ್ತೆ?"

ಆ ಆಪರೇಷನ್ ಮೆದುಳನ್ನು ರಿಪೇರಿ ಮಾಡುವುದಲ್ಲ. ಬೈಕಿನಿಂದ ಬಿದ್ದಾಗ ಒಳಗೆ ರಕ್ತ ಹೆಪ್ಪುಗಟ್ಟಿ ಮೆದುಳು ಊದಿಕೊಂಡಿತ್ತು. ಬುರುಡೆ ಹಿಗ್ಗುವುದಿಲ್ಲ. ಅದಕ್ಕೇ ಹೆಪ್ಪು ತೆಗೆದು, ಎಡಗಡೆಯ ಮೂಳೆಯನ್ನೂ ಅಗಲವಾಗಿ ಕತ್ತರಿಸಿ, ಊತಕ್ಕೆ ಜಾಗ ಮಾಡಿದರು. ಆ ತುಂಡು ಕೆಡದಿರಲಿ ಅಂತ ಈಗ ಹೊಟ್ಟೆಯ ಚರ್ಮದ ಕೆಳಗಿಟ್ಟಿದ್ದಾರೆ. ಅತ್ತೆಯನ್ನು ನಂಬಿಸಲು ಡಾಕ್ಟರೇ ಬಂದು ಮುಟ್ಟಿ ತೋರಿಸಬೇಕಾಯಿತು. ಮಾತಿನ ಜಾಗ ಹೆಚ್ಚಿನವರಿಗೆ ಮೆದುಳಿನ ಎಡಗಡೆಯೇ ಇರುತ್ತದೆ, ಬಲಗೈ ಆಡಿಸುವುದೂ ಎಡಗಡೆಯೇ. ತೊದಲು, ಬಲಗೈ ಬಿಗಿತ ಎರಡಕ್ಕೂ ಅಲ್ಲಿ ಬಿದ್ದ ಪೆಟ್ಟೇ ಕಾರಣ.

ಚೇತರಿಕೆ ಎಷ್ಟು ಅನ್ನುವುದರ ಅಂದಾಜು ಸ್ವಲ್ಪ ಮಟ್ಟಿಗೆ ಆಪರೇಷನ್ ಥಿಯೇಟರಿಗೆ ಹೋಗುವ ಮೊದಲೇ ಸಿಗುತ್ತದೆ. ವಯಸ್ಸು, ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೋ ಇಲ್ಲವೋ, ಪ್ರಜ್ಞೆಯ ಅಂಕ. 1974ರಲ್ಲಿ ಗ್ಲ್ಯಾಸ್ಗೋದ ಡಾಕ್ಟರುಗಳು ಮಾಡಿದ ಅಳತೆ ಅದು, 3ರಿಂದ 15ರವರೆಗೆ. 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಪೆಟ್ಟು ತೀವ್ರ. ದಾರಿಯಲ್ಲಿ ಬಿಪಿಯೋ ಆಕ್ಸಿಜನ್ನೋ ಕುಸಿದರೆ ಮೆದುಳಿಗೆ ಎರಡನೇ ಪೆಟ್ಟು. ನಮ್ಮ ಹೈವೇಲಿ ಯಾರಾದರೂ ಬಿದ್ದರೆ ಜನ ಮೊದಲು ಬಾಯಿಗೆ ನೀರು ಬಿಡುತ್ತಾರೆ. ಪ್ರಜ್ಞೆ ಇಲ್ಲದವರಿಗೆ ಆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ದಯವಿಟ್ಟು ಬೇಡ.

ಹೀಗೆ ಮೂಳೆ ತೆಗೆಯುವ ಆಪರೇಷನ್ ಬಗ್ಗೆ 2016ರಲ್ಲಿ ಬಂದ ರೆಸ್ಕ್ಯೂ ಐಸಿಪಿ ಅನ್ನುವ ಅಧ್ಯಯನ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬುರುಡೆಯೊಳಗಿನ ಒತ್ತಡ ಔಷಧಿಗೆ ಬಗ್ಗದಿದ್ದವರಲ್ಲಿ ಮೂಳೆ ತೆಗೆಸಿಕೊಂಡವರು ಆರು ತಿಂಗಳೊಳಗೆ ಸತ್ತದ್ದು 100ಕ್ಕೆ ಸುಮಾರು 27. ಔಷಧಿಯಲ್ಲೇ ಮುಂದುವರಿದವರಲ್ಲಿ ಸುಮಾರು 49. ಆದರೆ ಮೂಳೆ ತೆಗೆಸಿಕೊಂಡು ಬದುಕುಳಿದವರಲ್ಲಿ ಪರರ ಆಸರೆ ಬೇಕಾದವರು, ಪ್ರಜ್ಞೆಯೇ ಬಾರದವರು ಜಾಸ್ತಿ. ಸಹಿ ಹಾಕಿಸುವಾಗಲೇ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು, ಅಲ್ವಾ?

ಈಗ ಕಾಯಬೇಕಾದದ್ದು ಫಿಟ್ಸ್, ಸೋಂಕು, ಮೆದುಳಲ್ಲಿ ನೀರು ತುಂಬುವುದು, ಬೆನ್ನಿನ ಹುಣ್ಣು. ಎಡಗಡೆಗೆ ಒರಗಿಸುವಂತಿಲ್ಲ. ನುಂಗುವುದು ಇನ್ನೂ ಸರಿಯಾಗಿಲ್ಲ. ಆದರೂ ಸಂಜೆ ಚಿಕ್ಕಪ್ಪ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದರು! "ಬಾಯಿ ರುಚಿಗೆ ಒಂಚೂರು" ಅಂತೆ. ಅತ್ತೆ ಪೊಟ್ಟಣ ಕಸಿದುಕೊಂಡು ನಮಗೇ ಹಂಚಿದರು. ಮಾವನಿಗೆ ಮೆತ್ತಗೆ ಕಲಸಿದ ರಾಗಿ ಅಂಬಲಿ, ಕೂರಿಸಿಕೊಂಡು, ಚಮಚದಲ್ಲಿ.

ಊತ ಪೂರ್ತಿ ಇಳಿದು, ಸೋಂಕಿಲ್ಲದಿದ್ದರೆ ಮೂಳೆ ಮತ್ತೆ ಕೂರಿಸುತ್ತಾರಂತೆ. ನಾಳೆ ಫಿಜಿಯೋದವರು ಹತ್ತು ಗಂಟೆಗೆ ಬರುತ್ತಾರೆ. ಅಷ್ಟರಲ್ಲಿ ಮೈ ಒರೆಸಿ, ಫಿಟ್ಸ್ ಮಾತ್ರೆ ಕೊಟ್ಟಿರಬೇಕು.