ಲೈಸೆನ್ಸ್ ಇದ್ದರೂ ಮತ್ತೊಮ್ಮೆ ಪಾಠ

ಪ್ರೈವೇಟ್ ಪೈಲಟ್ ಲೈಸೆನ್ಸ್ ಇದ್ದೂ ಬಹಳ ಕಾಲ ಹಾರದೆ ಉಳಿದವರಲ್ಲಿ ಮೊದಲು ಮಾಸುವುದು ಕೈಯ ಅಭ್ಯಾಸವಲ್ಲ, ಕಾರಣಗಳ ನೆನಪು ಎಂದು ನನಗೆ ಅನ್ನಿಸಿದೆ. ಯಾವ ವೇಗದಲ್ಲಿ ಇಳಿಯಬೇಕೆಂಬುದು ನೆನಪಿರುತ್ತದೆ. ಆ ವೇಗವೇ ಏಕೆ, ಇಂದಿನ ತೂಕಕ್ಕೂ ಇಂದಿನ ಬಿಸಿಲಿಗೂ ಹಳೆಯ ಲೆಕ್ಕ ಹೊಂದುತ್ತದೆಯೇ ಎಂಬ ವಿಚಾರ ಮಾತ್ರ ಮಸುಕಾಗಿರುತ್ತದೆ. ಹೀಗಾಗಿ ದೀರ್ಘ ಬಿಡುವಿನ ನಂತರ ಒಂದು ಇಡೀ ದಿನವನ್ನು ಬೋಧಕರೊಬ್ಬರ ಜೊತೆ ಕಳೆದೆ. ಅಮೆರಿಕದ ನಿಯಮದಲ್ಲಿ 24 ತಿಂಗಳಿಗೊಮ್ಮೆ ನಡೆಯಬೇಕಾದ ಪರಿಶೀಲನೆಗೆ ಕನಿಷ್ಠ ಒಂದು ಗಂಟೆ ನೆಲದ ಪಾಠ, ಒಂದು ಗಂಟೆ ಹಾರಾಟ ಎಂದಿದೆ. ನೆಲದ ಪಾಠಕ್ಕೆ ಆ ಒಂದು ಗಂಟೆ ಏನೇನೂ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ.

ಬೋಧಕರು ಮೊದಲು ಮಾಡಿಸಿದ್ದು ಡೆನ್ಸಿಟಿ ಆಲ್ಟಿಟ್ಯೂಡ್ ಲೆಕ್ಕ, ಅಂದರೆ ಇಂದಿನ ಗಾಳಿಯ ಸಾಂದ್ರತೆ ಎಷ್ಟು ಎತ್ತರದ ಗಾಳಿಗೆ ಸಮ ಎಂಬ ಲೆಕ್ಕ. ಪ್ರಮಾಣಿತ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣಾಂಶ 15 ಡಿಗ್ರಿ, ಮೇಲೇರಿದಂತೆ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಕೆ. ಅಂದರೆ 3,000 ಅಡಿಯಲ್ಲಿ 9 ಡಿಗ್ರಿ ಇರಬೇಕು. ಅಲ್ಲಿ 33 ಡಿಗ್ರಿ ಇದ್ದರೆ ಹೆಚ್ಚಾದ 24 ಡಿಗ್ರಿಗಳಲ್ಲಿ ಒಂದೊಂದಕ್ಕೂ ಸುಮಾರು 120 ಅಡಿ ಸೇರಿಸಬೇಕಾಗುತ್ತದೆ. ರನ್‌ವೇ 3,000 ಅಡಿಯಲ್ಲಿದ್ದರೂ ವಿಮಾನ ಸುಮಾರು 5,900 ಅಡಿಯಲ್ಲಿದ್ದಂತೆ ವರ್ತಿಸುತ್ತದೆ: ಎಂಜಿನ್ನಿಗೆ ಸಿಗುವ ಗಾಳಿ ತೆಳು, ಪ್ರೊಪೆಲ್ಲರ್‌ನ ಸೆಳೆತ ಕಡಿಮೆ, ನೆಲ ಬಿಡಲು ಬೇಕಾದ ಓಟ ಉದ್ದ, ಏರುವಿಕೆ ನಿಧಾನ. "ವೇಗದ ಮೀಟರ್ ಎಂದಿನ ಅಂಕಿಯನ್ನೇ ತೋರಿಸುತ್ತದೆ. ಆದರೆ ನೆಲದ ಮೇಲೆ ನೀವು ಅದಕ್ಕಿಂತ ವೇಗವಾಗಿ ಓಡುತ್ತಿರುತ್ತೀರಿ, ಅದನ್ನು ಮರೆಯಬೇಡಿ" ಎಂದರು. ಅದಾದ ಮೇಲೆ ಹ್ಯಾಂಡ್‌ಬುಕ್ಕಿನ ಕೋಷ್ಟಕಗಳನ್ನು ನಾನು ಬೇರೆಯೇ ಗಮನದಿಂದ ಓದಿದೆ.

ವಿಮಾನದ ಬಳಿಗೆ ಹೋದಾಗ ರೆಕ್ಕೆಯ ಕೆಳಗಿನಿಂದ ಪೆಟ್ರೋಲಿನ ಮಾದರಿ ತೆಗೆದು ಪಾರದರ್ಶಕ ಕಪ್ಪನ್ನು ಬೆಳಕಿಗೆ ಹಿಡಿದೆವು. ಸಣ್ಣ ವಿಮಾನಗಳ ಪೆಟ್ರೋಲಾದ 100ಎಲ್‌ಎಲ್ ಇಂಧನಕ್ಕೆ ತಿಳಿನೀಲಿ ಬಣ್ಣ. ನೀರು ಸೇರಿದ್ದರೆ ಅದು ಹೆಚ್ಚು ಭಾರವಾದ್ದರಿಂದ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ನಿಲ್ಲುತ್ತದೆ. ಕಪ್ಪಿನ ತುಂಬ ನೀರೇ ಬಂದಿದ್ದರೆ ಗುಳ್ಳೆಯೂ ಇರುವುದಿಲ್ಲ, ಎಲ್ಲವೂ ಸ್ವಚ್ಛವಾಗಿಯೇ ಕಾಣುತ್ತದೆ. ಆದ್ದರಿಂದ ಬಣ್ಣವನ್ನೂ ವಾಸನೆಯನ್ನೂ ಖಚಿತಪಡಿಸಿಕೊಳ್ಳಲೇಬೇಕು.

ನಮ್ಮದು ಕಾರ್ಬ್ಯುರೇಟರ್ ಇರುವ ಹಳೆಯ ಸೆಸ್ನಾ 172. ಕಾರ್ಬ್ಯುರೇಟರಿನ ಕಿರಿದಾದ ಕೊರಳಿನಲ್ಲಿ ಒತ್ತಡ ಇಳಿದು, ಪೆಟ್ರೋಲು ಆವಿಯಾಗಿ, ಗಾಳಿ ಎಷ್ಟು ತಣ್ಣಗಾಗುತ್ತದೆಂದರೆ ಹೊರಗೆ 20 ಡಿಗ್ರಿಗಿಂತ ಹೆಚ್ಚಿದ್ದರೂ ತೇವ ಸಾಕಷ್ಟಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಬಹುದು. ಇಂಥ ವಿಮಾನದಲ್ಲಿ ಎಂಜಿನ್ ಸುತ್ತು ತಾನಾಗಿಯೇ ಮೆಲ್ಲಗೆ ಇಳಿಯುವುದು ಅದರ ಮೊದಲ ಸೂಚನೆ. ಕಾರ್ಬ್ಯುರೇಟರ್ ಹೀಟ್ ಗುಂಡಿಯನ್ನು ಪೂರ್ತಿ ಎಳೆದಾಗ ಕರಗಿದ ನೀರು ಎಂಜಿನ್ನಿಗೆ ಹೋಗಿ ಅದು ಇನ್ನಷ್ಟು ತಡವರಿಸುತ್ತದೆ. ಗುಂಡಿಯನ್ನು ಮತ್ತೆ ಒಳಗೆ ತಳ್ಳಬೇಕೆನ್ನಿಸುವುದು ಆ ಕ್ಷಣದಲ್ಲಿಯೇ, ತಳ್ಳಬಾರದ್ದೂ ಆಗಲೇ. ಕಾರಣ ಗೊತ್ತಿಲ್ಲದವನ ಕೈ ಅಲ್ಲಿ ನಿಲ್ಲುವುದು ಕಷ್ಟ.

ಮೇಲೆ ಹೋದ ನಂತರ ಹೆಚ್ಚು ಸಮಯ ಕೊಟ್ಟಿದ್ದು ತಿರುವಿನಲ್ಲಿ ಆಗುವ ಸ್ಟಾಲ್‌ಗೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುವ ಸ್ಥಿತಿಗೆ. ನೇರವಾಗಿ ಹಾರುವಾಗ 50 ನಾಟ್‌ನಲ್ಲಿ ಸ್ಟಾಲ್ ಆಗುವ ವಿಮಾನ, ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿದರೆ ಸುಮಾರು 59ರಲ್ಲೇ, 60 ಡಿಗ್ರಿ ವಾಲಿದರೆ ಸುಮಾರು 71ರಲ್ಲೇ ಸ್ಟಾಲ್ ಆಗುತ್ತದೆ. ಇಳಿಯುವ ಮುನ್ನ ರನ್‌ವೇಯತ್ತ ಮಾಡುವ ಕೊನೆಯ ತಿರುವು ಈ ಲೆಕ್ಕದಿಂದಲೇ ಅಪಾಯಕಾರಿ. ಗಾಳಿ ಪಕ್ಕಕ್ಕೆ ತಳ್ಳಿ ರನ್‌ವೇಯ ನೇರ ದಾಟಿಹೋದಾಗ, ಇನ್ನಷ್ಟು ವಾಲಿಸಲು ಅಂಜಿ, ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ರಡ್ಡರ್ ಪೆಡಲ್‌ಗಳಲ್ಲಿ ತಿರುವಿನ ಒಳಬದಿಯದನ್ನು ಒತ್ತುತ್ತಾರೆ; ಮೂತಿ ಕೆಳಗಾದರೆ ಕಂಟ್ರೋಲನ್ನು ಹಿಂದಕ್ಕೆ ಎಳೆಯುತ್ತಾರೆ. ಆಗ ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ಕುಸಿಯುತ್ತದೆ, ಚೇತರಿಸಿಕೊಳ್ಳುವಷ್ಟು ಎತ್ತರ ಉಳಿದಿರುವುದಿಲ್ಲ. ಸುರಕ್ಷಿತ ಎತ್ತರದಲ್ಲಿ ಬೋಧಕರು ಸ್ವಲ್ಪವೇ ತಪ್ಪು ರಡ್ಡರ್ ಒತ್ತಿ ತೋರಿಸಿದಾಗ ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಉಪಕರಣದ ಕೊಳವೆಯಲ್ಲಿ ಚೆಂಡು ತಿರುವಿನ ಹೊರಬದಿಗೆ ಸರಿದದ್ದನ್ನು, ಸೀಟಿನಲ್ಲಿ ನನ್ನ ಮೈ ಅದೇ ಕಡೆಗೆ ಜಾರಿದ್ದನ್ನು ಒಟ್ಟಿಗೇ ಗಮನಿಸಿದೆ. ತಿರುವು ಕೈಮೀರುವಂತಿದ್ದರೆ ಥ್ರಾಟಲ್ ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಬರುವುದೇ ಸರಿಯಾದ ದಾರಿ.

ಕೊನೆಗೆ ಹೊರಗಿನ ನೋಟ ಮರೆಮಾಡುವ ಹುಡ್ ತೊಟ್ಟು, ಉಪಕರಣಗಳನ್ನಷ್ಟೇ ನೋಡಿ ಹಿಂದಿರುಗುವ ಅಭ್ಯಾಸ. ಇಲಿನಾಯ್ ವಿಶ್ವವಿದ್ಯಾಲಯದ 1954ರ ಪ್ರಯೋಗದಲ್ಲಿ, ಇಂಥ ತರಬೇತಿಯಿಲ್ಲದ 20 ಮಂದಿ ಕೃತಕ ಮೋಡದೊಳಗೆ ನಿಯಂತ್ರಣ ಕಳೆದುಕೊಳ್ಳಲು ಸರಾಸರಿ ಹಿಡಿದ ಸಮಯ ಕೇವಲ 178 ಸೆಕೆಂಡ್. ನಿಧಾನವಾಗಿ 180 ಡಿಗ್ರಿ ತಿರುಗಿ ಬಂದ ದಾರಿಯಲ್ಲೇ ಮರಳುವುದನ್ನು ಕಲಿಸಿದ ಮೇಲೆ ಅವರೇ ಬಹುಪಾಲು ಯಶಸ್ವಿಯಾದರು. ನನ್ನ ತಿರುವುಗಳು ಸಮವಾಗಿ ಬಂದವು, ಎತ್ತರವೂ ನಿಂತಿತು. ಇಳಿದ ಮೇಲೆ ಬೋಧಕರು ಲಾಗ್‌ಬುಕ್ಕಿಗೆ ಸಹಿ ಹಾಕಿದರು. ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಮುನ್ನ ಅಡ್ಡಗಾಳಿಯಲ್ಲಿ ಇನ್ನೊಂದು ಪಾಠ ಆಗಲಿ ಎಂದು ನಾನು ಕೇಳಿಕೊಂಡೆ, ಅವರು ಒಪ್ಪಿದರು.